ಹಳೇ ಐಡಿಇ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಾಣಿಸುತ್ತಿಲ್ಲ, ಏನು ಮಾಡಲಿ?

2005ರ ಡೆಸ್ಕ್‌ಟಾಪ್‌ನಿಂದ ಬಿಚ್ಚಿದ 80 ಜಿಬಿ ಐಡಿಇ (ಅಗಲ ಪಟ್ಟಿಯಂಥ ಕೇಬಲ್ ಹಾಕುವ ಹಳೇ ಬಗೆಯ) ಡಿಸ್ಕ್‌ಗೆ ಯುಎಸ್‌ಬಿ ಕೇಬಲ್ ಹಾಕಿದ್ದೀರಿ, ಲೈಟ್ ಉರಿಯುತ್ತದೆ, ವಿಂಡೋಸ್ 11ರಲ್ಲಿ ಡ್ರೈವ್ ಮಾತ್ರ ಇಲ್ಲ. ಅಲ್ವಾ? ಹೋದ ವರ್ಷ ಅಪ್ಪನ ಹಳೇ ಡಿಸ್ಕ್ ಹಿಡಿದುಕೊಂಡು ನಾನೂ ಎರಡು ಸಂಜೆ ಹೀಗೇ ಒದ್ದಾಡಿದ್ದೇನೆ.

ಮೊದಲು ಡಿಸ್ಕ್ ಮೇಲೆ ಕೈ ಇಟ್ಟು ನೋಡಿ. ಒಳಗೆ ತಿರುಗುತ್ತಿದ್ದರೆ ಸಣ್ಣಗೆ ಅದುರುತ್ತದೆ. ಅದುರದಿದ್ದರೆ ಬಹುಪಾಲು ಕರೆಂಟಿನದ್ದೇ ತೊಂದರೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಸಾದಾ ಯುಎಸ್‌ಬಿ ಪೋರ್ಟ್ ಕೊಡುವುದು 5. ಆ ಲೈಟ್ ಸುಮ್ನೆ ಕೇಬಲ್ಲಿನದು, ನಂಬಬೇಡಿ. ಗೋಡೆಯ ಪ್ಲಗ್ಗಿಗೆ ಹಾಕುವ, ನಾಲ್ಕು ಪಿನ್ನಿನ ಪವರ್ ಅಡಾಪ್ಟರ್ ಬೇಕೇ ಬೇಕು. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ.

ನನ್ನದು ಚೆನ್ನಾಗಿಯೇ ತಿರುಗುತ್ತಿತ್ತು. ತಪ್ಪು ಇದ್ದದ್ದು ಜಂಪರಿನಲ್ಲಿ. ಡಿಸ್ಕಿನ ಹಿಂದೆ, ಡೇಟಾ ಕೇಬಲ್ಲಿಗೂ ಪವರ್ ಸಾಕೆಟ್ಟಿಗೂ ನಡುವೆ, ಸಣ್ಣ ಪಿನ್ನುಗಳ ಮೇಲೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದೇ ಜಂಪರ್. ನಮ್ಮದು ಆ ಕಂಪ್ಯೂಟರಿನ ಎರಡನೇ ಡಿಸ್ಕ್ ಆಗಿದ್ದರಿಂದ ಅದು ಸ್ಲೇವ್, ಅಂದರೆ ಎರಡನೇ ಡಿಸ್ಕಿನ ಜಾಗದಲ್ಲಿ ಕೂತಿತ್ತು. ಪ್ಲಗ್ ಕಿತ್ತು, ಹೆಂಡತಿಯ ಹುಬ್ಬಿನ ಚಿಮಟದಿಂದ ಎತ್ತಿ ಮಾಸ್ಟರ್‌ಗೆ, ಅಂದರೆ ಮೊದಲ ಡಿಸ್ಕಿನ ಜಾಗಕ್ಕೆ ಹಾಕಿದೆ. ಯಾವ ಪಿನ್ ಯಾವುದಕ್ಕೆ ಅಂತ ಸಾಮಾನ್ಯವಾಗಿ ಲೇಬಲ್ ಮೇಲೆ ಚಿತ್ರ ಇರುತ್ತದೆ.

ಆಮೇಲೆ ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಡಿಸ್ಕ್ ಇದ್ದು ಡ್ರೈವ್ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಸಾಕು. ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ, ದಯವಿಟ್ಟು. ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅಂದರೆ ಹೆದರಬೇಡಿ, ಹಳೇ ವಿಂಡೋಸ್ ಎಕ್ಸ್‌ಪಿ ಯೂಸರಿನ ಬೀಗ ಅದು. ಕಂಟಿನ್ಯೂ ಒತ್ತಿ ಕಾಯಿರಿ. ಆಗದಿದ್ದರೆ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿ.

ಟಕ್ ಟಕ್ ಸದ್ದು ಬಂತೋ, ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಹಚ್ಚಿದಷ್ಟೂ ಹಾಳು ಜಾಸ್ತಿ. ಅದು ಡೇಟಾ ರಿಕವರಿಯವರ ಕೆಲಸ.

ಇನ್ನೊಂದು. ಅಪ್ಪನ ಪತ್ರಗಳು ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡಿತು. ಡಿಸ್ಕ್ ಕೆಟ್ಟಿದೆ ಅಂದುಕೊಂಡೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದವು, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲ. ಆ ಫಾಂಟ್ ಹಾಕಿದ ಮೇಲೆ ಕನ್ನಡ ಕಾಣಿಸಿತು.