ಬೂದು ಐಸೊಪಾಡ್‌ಗಳ (ತರಗೆಲೆ ತಿಂದು ಒದ್ದೆಯಲ್ಲಿ ಬದುಕುವ, ಹಲವು ಕಾಲಿನ ಸಣ್ಣ ಹುಳುಗಳ) ಡಬ್ಬಿಯಲ್ಲಿ ಒಂದೇ ಒಂದು ಕೇಸರಿ ಬಣ್ಣದ್ದು ಸಿಕ್ಕಿದೆ. ಇದರಿಂದ ಕೇಸರಿ ತಳಿ ಮಾಡಬಹುದೇ?

ಮಾಡಬಹುದು. ಆದರೆ ವರ್ಷ ಹಿಡಿಯುತ್ತದೆ, ಅದೂ ಮೊದಲ ಮರಿಗಳನ್ನು ನೋಡಿದಾಗ ಎಲ್ಲ ಮುಗಿದೇಹೋಯಿತು ಅನ್ನಿಸುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ.

ನಾನು ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ನಾಲ್ಕು ವರ್ಷದಿಂದ ಇವನ್ನು ಐಸ್‌ಕ್ರೀಮ್ ಡಬ್ಬಿಗಳಲ್ಲಿ ಸಾಕುತ್ತಿದ್ದೇನೆ. (ನಮ್ಮ ಕಡೆ ತೋಟದಲ್ಲಿ ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವ ದಪ್ಪ ಹುಳು ಇದೆಯಲ್ಲ, ಅದು ಐಸೊಪಾಡ್ ಅಲ್ಲ, ಸಹಸ್ರಪದಿಯ ಜಾತಿ. ಕಾಲೆಣಿಸಿ, ಬೆಳೆದ ಐಸೊಪಾಡ್‌ಗೆ ಹದಿನಾಲ್ಕೇ.)

ಮೊದಲು ಆ ಬಣ್ಣ ನಿಜವೋ ಅಂತ ಖಾತ್ರಿ ಮಾಡಿಕೊಳ್ಳಿ. ಇವು ಪೊರೆ ಬಿಡುವುದು ಎರಡು ಕಂತಿನಲ್ಲಿ: ಮೊದಲು ಹಿಂಭಾಗ, ಕೆಲವು ದಿನ ಕಳೆದು ಮುಂಭಾಗ. ಆ ಹೊತ್ತಿಗೆ ಅರ್ಧ ಮೈ ಬೇರೆ ಬಣ್ಣವಾಗಿ ಕಾಣುತ್ತದೆ. ಅದನ್ನೇ ಹೊಸ ತಳಿ ಅಂತ ಫೋಟೋ ಹಾಕುವವರಿದ್ದಾರೆ. ವಾರ ಬಿಟ್ಟು ಮತ್ತೆ ನೋಡಿ.

ನಾನು ಬಿದ್ದದ್ದು ಇದಕ್ಕಿಂತ ದೊಡ್ಡ ಹಳ್ಳಕ್ಕೆ. ಎರಡನೇ ವರ್ಷದ ಮಳೆಗಾಲದಲ್ಲಿ ಡಬ್ಬಿಯಲ್ಲೊಂದು ನೇರಳೆ-ನೀಲಿ ಹುಳು ಕಂಡಿತು. ಟಾರ್ಚ್ ಹಾಕಿದರೆ ನವಿಲಿನ ಕತ್ತಿನಂತೆ ಮಿನುಗುತ್ತಿತ್ತು. ಲಾಟರಿ ಹೊಡೆಯಿತು ಅಂತ ಅದನ್ನು ಒಳ್ಳೆಯ ಬೂದು ಹೆಣ್ಣುಗಳ ಜೊತೆ ಬಿಟ್ಟೆ. ಅದು ಕೆಲವೇ ದಿನಕ್ಕೆ ಸತ್ತಿತು, ಉಳಿದವು ಹೆಣ ತಿಂದವು, ಆಮೇಲೆ ಅವೂ ಒಂದೊಂದಾಗಿ ನೀಲಿಯಾದವು. ಅದು ಇರಿಡೊವೈರಸ್ ಎಂಬ ವೈರಸ್‌ನಿಂದ ಬರುವ ರೋಗ. ಮೈಯೊಳಗೆ ವೈರಸ್ ಕಣಗಳು ಸಾಲಾಗಿ ಜೋಡಿಸಿಕೊಂಡು ಬೆಳಕನ್ನು ಹಾಗೆ ಒಡೆಯುತ್ತವೆ. ಇಡೀ ಡಬ್ಬಿ ಸುಟ್ಟೆ. ನಿಮ್ಮದು ಕೇಸರಿ, ಹಾಗಾಗಿ ಆ ಭಯವಿಲ್ಲ.

ಕೇಸರಿ ಅಂದರೆ ಸಾಮಾನ್ಯವಾಗಿ ಕಪ್ಪು ವರ್ಣದ್ರವ್ಯ ಕೂಡದೆ ಹೋದದ್ದು. ಬಹುಪಾಲು ಇದು ಅಡಗುವ ಗುಣ, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಹಾಗಾಗಿ ಅದು ಗಂಡೋ ಹೆಣ್ಣೋ ಅನ್ನುವುದೇ ಈಗ ಮುಖ್ಯ ಪ್ರಶ್ನೆ. ಗಾಜಿನ ಮೇಲೆ ಬಿಟ್ಟು ಕೆಳಗಿನಿಂದ ಭೂತಗನ್ನಡಿ ಹಿಡಿಯಿರಿ. ಬಾಲದ ಕಡೆ ನಡುವೆ ಉದ್ದನೆಯ ಚೂಪು ಕಡ್ಡಿಗಳಂಥವು ಕಂಡರೆ ಗಂಡು.

ಹೆಣ್ಣಾದರೆ ನಿಮ್ಮ ಅದೃಷ್ಟ. ಬೇರೆ ಡಬ್ಬಿಗೆ ಹಾಕಿ ಸುಮ್ಮನಿರಿ, ಬಲಿತಿದ್ದರೆ ಆಗಲೇ ಕೂಡಿರುವ ಸಾಧ್ಯತೆ ಹೆಚ್ಚು. ಅಪ್ಪ ಯಾರೇ ಆಗಿರಲಿ, ಅವಳ ಪ್ರತಿಯೊಂದು ಮರಿಯಲ್ಲೂ ಕೇಸರಿ ಗುಣ ಒಂದು ಪಾಲು ಇದ್ದೇ ಇರುತ್ತದೆ. ಗಂಡಾದರೆ ಕೆಲಸ ಜಾಸ್ತಿ. ಹೆಣ್ಣು ಒಮ್ಮೆ ಕೂಡಿದ ಮೇಲೆ ಆ ವೀರ್ಯವನ್ನು ಕೂಡಿಟ್ಟುಕೊಂಡು ಮುಂದಿನ ಸೂಲಿಗೂ ಬಳಸುತ್ತದೆ. ಹಳೇ ಡಬ್ಬಿಯ ಬಲಿತ ಹೆಣ್ಣನ್ನು ಜೊತೆಗಿಟ್ಟರೆ ಹುಟ್ಟುವುದು ಇನ್ಯಾರದೋ ಮರಿ. ಸಣ್ಣ ಮರಿಗಳಿದ್ದಾಗಲೇ ಕೆಲವನ್ನು ಬೇರೆ ಮಾಡಿ, ಬಲಿಯುತ್ತಿದ್ದಂತೆ ಗಂಡುಗಳನ್ನು ಆರಿಸಿ ತೆಗೆದು, ಉಳಿದ ಹೆಣ್ಣುಗಳ ಜೊತೆ ಅವನನ್ನು ಬಿಡಬೇಕು.

ಮೊದಲ ತಲೆಮಾರು ಪೂರ್ತಿ ಬೂದು ಬರುವ ಸಾಧ್ಯತೆಯೇ ಹೆಚ್ಚು. ಎಸೆಯಬೇಡಿ! ಅವನ್ನು ತಮ್ಮತಮ್ಮಲ್ಲೇ ಕೂಡಲು ಬಿಟ್ಟರೆ ಮುಂದಿನ ಸೂಲಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕೇಸರಿ. ನನಗೆ 31ರಲ್ಲಿ 7 ಬಂದಿದ್ದವು. ಹಳೇ ಕೇಸರಿ ಇನ್ನೂ ಬದುಕಿದ್ದರೆ ಬೂದು ಮರಿಯನ್ನು ಅದರ ಜೊತೆ ಕೂಡಿಸಿ, ಆಗ ಅರ್ಧದಷ್ಟು ಸಿಗುತ್ತವೆ. ಕೇಸರಿಗೆ ಕೇಸರಿ ಕೂಡಿದ ಮೇಲೆ ಎಲ್ಲವೂ ಕೇಸರಿಯೇ. ಎಲ್ಲ ಒಂದೇ ಹುಳುವಿನ ಸಂತಾನವಾದ್ದರಿಂದ ಆಗಾಗ ಬೇರೆ ಕಡೆಯ ಬೂದು ರಕ್ತ ಸೇರಿಸಿ.

ಸಾಕಣೆಗೆ ವಿಶೇಷವೇನಿಲ್ಲ: ಹಲಸಿನ ಒಣ ಎಲೆ, ಮೊಟ್ಟೆ ಚಿಪ್ಪಿನ ಪುಡಿ, ಡಬ್ಬಿಯ ಒಂದು ಮೂಲೆ ಯಾವಾಗಲೂ ಒದ್ದೆ. ಇವು ಏಡಿ, ಸೀಗಡಿಯ ನೆಂಟರು, ಕಿವಿರಿನಂಥ ಅಂಗದಲ್ಲಿ ಉಸಿರಾಡುತ್ತವೆ, ಒಣಗಿದರೆ ಸತ್ತವು. ಬೋರ್ಡೊ ದ್ರಾವಣ (ಮೈಲುತುತ್ತು, ಸುಣ್ಣದ ಔಷಧಿ) ಹೊಡೆದ ತೋಟದ ತರಗೆಲೆ ಮಾತ್ರ ಬೇಡ, ಅದರಲ್ಲಿನ ತಾಮ್ರ ಇವುಗಳ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಹೊರದೇಶದ ತಳಿಯಾಗಿದ್ದರೆ ಹೆಚ್ಚಾದವನ್ನು ತೋಟಕ್ಕೆ ಬಿಡಲೂಬೇಡಿ.

ಇನ್ನೊಂದು, ಹುಟ್ಟಿದ ದಿನ ಎಲ್ಲ ಮರಿಗಳೂ ಬಿಳಿಚಿಕೊಂಡೇ ಇರುತ್ತವೆ. ಕೇಸರಿ ಎಷ್ಟು ಅಂತ ಎಣಿಸಲು ಒಂದೆರಡು ತಿಂಗಳಾದರೂ ಕಾಯಬೇಕು. ಗಂಡೋ ಹೆಣ್ಣೋ ಗೊತ್ತಾದ ಮೇಲೆ ಇಲ್ಲೇ ತಿಳಿಸಿ.