ಫಜಿ ಲಾಜಿಕ್‌ನ 'ಹೀಗಿದ್ದರೆ ಹಾಗೆ' ನಿಯಮಗಳಲ್ಲಿ ಪಾಸಿಟಿವ್, ನೆಗೆಟಿವ್ ಮಾಹಿತಿ ಅಂದರೇನು?

ಮಲ್ಪೆ ಬಂದರಿನಲ್ಲಿ ಕೇಳುವ ಮಾತನ್ನೇ ತಗೊಳ್ಳಿ: 'ಬಂಗುಡೆ ಜಾಸ್ತಿ ಬಂದರೆ ರೇಟು ಕಮ್ಮಿ.' ಎಷ್ಟು ಬುಟ್ಟಿ ಬಂದರೆ 'ಜಾಸ್ತಿ'? ಗೆರೆ ಎಳೆಯಲು ಆಗುವುದಿಲ್ಲ. ಅದಕ್ಕೇ ಎಷ್ಟರ ಮಟ್ಟಿಗೆ 'ಜಾಸ್ತಿ' ಅನ್ನುವುದಕ್ಕೆ 0ಯಿಂದ 1ರ ನಡುವೆ ಅಂಕ ಕೊಡುತ್ತೇವೆ. ಫಜಿ ಲಾಜಿಕ್‌ನ ಮೂಲ ಇದೇ. ಕಂಪ್ಯೂಟರ್ ವಿಜ್ಞಾನಿ ಲೋಟ್ಫಿ ಝಾದೆ 1965ರಲ್ಲಿ ಹೇಳಿದ್ದು ಇದನ್ನೇ.

ಈಗ ಆ ಮಾತನ್ನು ಎರಡು ಥರ ಓದಬಹುದು. 'ರಾಶಿ ಮೀನು ಬಿದ್ದ ದಿನ ಕಿಲೋಗೆ 300 ಆಗೋಕೆ ಸಾಧ್ಯವೇ ಇಲ್ಲ' ಅಂದರೆ ಅದು ನೆಗೆಟಿವ್ ಮಾಹಿತಿ. ಆಗದ ರೇಟುಗಳನ್ನು ಹೊಡೆದುಹಾಕುತ್ತದೆ, ಅಷ್ಟೇ. ಇಂಥ ನಿಯಮ ಹೆಚ್ಚಿದಷ್ಟೂ ಉಳಿಯುವುದು ಕಮ್ಮಿ, ಎಲ್ಲ ನಿಯಮಗಳೂ ಬಿಟ್ಟುಕೊಟ್ಟದ್ದು ಮಾತ್ರ ನಿಲ್ಲುತ್ತದೆ.

'ಅಂಥ ದಿನ 100ಕ್ಕೆ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ' ಅನ್ನುವುದು ಪಾಸಿಟಿವ್. 80ಕ್ಕೆ ಸಿಗಲ್ಲ ಅಂತ ಇದು ಹೇಳಲೇ ಇಲ್ಲ, ಅಲ್ವಾ? ಇಲ್ಲಿ ಹೊಸ ನಿಯಮ ಬಂದಷ್ಟೂ ಕಂಡ ರೇಟುಗಳ ಪಟ್ಟಿ ಬೆಳೆಯುತ್ತದೆ. ಉಗಿ ಯಂತ್ರ ನಿಯಂತ್ರಿಸಲು ಎಂಜಿನಿಯರ್ ಮಮ್ದಾನಿ ಬಳಸಿದ ನಿಯಮಗಳು (1975) ಈ ಜಾತಿಯವು.

ಎಡವುವ ಜಾಗ ಇದೇ: ನೆಗೆಟಿವ್ ನಿಯಮಗಳು ಉಳಿಸಿದ ರೇಟುಗಳನ್ನೂ ಪಾಸಿಟಿವ್ ಥರವೇ ಒಂದೇ ಪಟ್ಟಿಗೆ ಸುಮ್ನೆ ಕೂಡಿಸುತ್ತಾ ಹೋಗುವುದು. ಆಗ ಒಂದು ನಿಯಮ ಹೊಡೆದುಹಾಕಿದ್ದನ್ನು ಇನ್ನೊಂದು ವಾಪಸ್ ತರುತ್ತದೆ. ಕಣ್ಣಾರೆ ಕಂಡ ರೇಟು, ಸಾಧ್ಯ ಅಂತ ಉಳಿದ ರೇಟುಗಳ ಒಳಗೇ ಇರಬೇಕು. ಹೊರಗಿದ್ದರೆ ಎರಡರಲ್ಲಿ ಒಂದು ಮಾತು ತಪ್ಪು.