ಟಿ-ಶರ್ಟ್ ಮಾರಿ ಸರ್ಕಾರಿ ಶಾಲೆಗೆ ನೆರವು ಕೊಡುವುದು ನಡೆಯುತ್ತದಾ?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನೀವು ಮೂವರು ಗೆಳೆಯರು ಟಿ-ಶರ್ಟ್ ಮಾರಿ, ಲಾಭದಲ್ಲಿ ಶೇ. 20 ಒಂದು ಸರ್ಕಾರಿ ಶಾಲೆಗೆ ಕೊಡಬೇಕು ಅಂತಿದ್ದೀರಿ. ವ್ಯಾಪಾರ ನಡೆಯುತ್ತದೆ. ಆ ‘ಲಾಭದಲ್ಲಿ ಶೇ. 20’ ಮಾತ್ರ ಬೇಡ.

ನಾನು ಇದೇ ಊರಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವವನು. ಕಾಲೇಜು ಫೆಸ್ಟ್ ಆರ್ಡರುಗಳೇ ಜಾಸ್ತಿ. ಫ್ರೇಮ್ ಖರ್ಚು, ಟ್ರಾನ್ಸ್‌ಪೋರ್ಟು, ಉಳಿದ ಮಾಲು, ಗೆಳೆಯರ ಉದ್ರಿ ಎಲ್ಲ ಕಳೆದರೆ ಮೊದಲ ವರ್ಷ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಸೊನ್ನೆಯಲ್ಲಿ ಶೇ. 20 ಎಷ್ಟು? ಅದರ ಬದಲು ‘ಒಂದು ಶರ್ಟಿಗೆ 30 ರೂಪಾಯಿ ಶಾಲೆಗೆ’ ಅನ್ನಿ. ಆ 30 ರೂಪಾಯಿಯನ್ನೂ ಬಟ್ಟೆ, ಇಂಕಿನ ಜೊತೆ ಖರ್ಚಿಗೆ ಸೇರಿಸಿ ರೇಟು ಕಟ್ಟಿ. ಎಷ್ಟು ಶರ್ಟ್ ಹೋಯಿತು, ಶಾಲೆಗೆ ಎಷ್ಟು ಸೇರಬೇಕು ಅಂತ ಕೊಂಡವರೇ ಬಾಯಿಲೆಕ್ಕ ಹಾಕಬಹುದು.

ಇನ್ನು ಮಾಲು. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಆದರೂ ಪ್ಲೇನ್ ಟಿ-ಶರ್ಟನ್ನು ನಾವು ತಮಿಳುನಾಡಿನ ತಿರುಪ್ಪೂರಿನಿಂದ ತರಿಸುತ್ತೇವೆ, ಏನ್ ಮಾಡೋದು! 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕ), ಬಯೋವಾಶ್ ಆದ, ಅಂದರೆ ಕಿಣ್ವದಲ್ಲಿ ತೊಳೆದು ನಯ ಮಾಡಿದ ಕಾಟನ್ ಕೇಳಿ. ಸ್ಯಾಂಪಲ್ ತರಿಸಿ ಎರಡು ಸಲ ಒಗೆದು ನೋಡಿ. ಕಳಪೆ ಬಟ್ಟೆಯಾದರೆ ಉದ್ದ ಕುಗ್ಗಿ, ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಕಡೆ ಬಂದಿರುತ್ತದೆ.

ಸ್ಕ್ರೀನ್ ಪ್ರಿಂಟಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಫ್ರೇಮ್ ಬೇಕು. ನಾಲ್ಕು ಬಣ್ಣದ ಡಿಸೈನ್ ಹಿಡಿದು ಬಂದು ‘ಅಣ್ಣಾ, 25 ಪೀಸ್ ಸಾಕು’ ಅನ್ನುವ ಹುಡುಗರಿಗೆ ನಾನು ರೇಟು ಹೇಳುವ ಮೊದಲು ಚಹಾ ಹೇಳುತ್ತೇನೆ. ಒಂದೇ ಬಣ್ಣದಲ್ಲಿ ಮುಗಿಸಿ. ಕಪ್ಪಿನ ಮೇಲೆ ಬಿಳಿ ಯಾವತ್ತೂ ಓಡುತ್ತದೆ. ಬಣ್ಣ ಬೇಕೇ ಬೇಕು, ಪೀಸ್ ಕಮ್ಮಿ ಅಂದರೆ ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಿಂದ ಬಟ್ಟೆಗೆ ಅಂಟಿಸುವುದು) ಮಾಡಿಸಿ. ಸೈಜ್ ಬರೆಸಿಕೊಂಡು, ಅಡ್ವಾನ್ಸ್ ಕೈಗೆ ಬಂದ ಮೇಲೇ ಪ್ರಿಂಟಿಗೆ ಕೊಡಿ. ಅಂದಾಜಿನ ಮೇಲೆ ತರಿಸಿದರೆ ಡಬಲ್ ಎಕ್ಸೆಲ್ ಎಲ್ಲ ನಿಮ್ಮ ಮನೆಯಲ್ಲೇ ಉಳಿಯುತ್ತವೆ.

ರಾಜ್ಯದೊಳಗೆ ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವುದಾದರೆ ಮೊದಲ ಶರ್ಟಿಗೇ ಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಶಾಲೆಯ ಪಾಲನ್ನು ಬೇರೆ ಖಾತೆಯಲ್ಲಿಡಿ. ನಗದು ಯಾರ ಕೈಗೂ ಬೇಡ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅವರ ಜೊತೆ ಕೂತು ಏನು ಬೇಕು ಅಂತ ಕೇಳಿ. ನೀವು ನೋಟ್‌ಬುಕ್ ಅಂದುಕೊಂಡಿರುತ್ತೀರಿ, ಅವರಿಗೆ ಶೌಚಾಲಯದ ನಲ್ಲಿ ರಿಪೇರಿ ಆಗಬೇಕಿರುತ್ತದೆ. ಅದನ್ನೇ ಮಾಡಿಸಿ, ಬಿಲ್ಲಿನ ಫೋಟೋ ಶರ್ಟ್ ಕೊಂಡವರ ವಾಟ್ಸಾಪ್ ಗ್ರೂಪಿಗೆ ಹಾಕಿ. ಮತ್ತೆ, ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಆರ್ಡರ್ ಹಿಡಿಯಬೇಡಿ.